ಬಂಡೆ, ಬೆಳಕು, ಬೋರ್‌ವೆಲ್: ಮಾರಾಟಕ್ಕಿಟ್ಟ ಮನೆಯ ಫೋಟೊ ಹೇಗಿರಬೇಕು?

ಕೋಲಾರ ದಾಟಿ ಮುಳಬಾಗಿಲಿನ ಕಡೆಗೆ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಹೊರಟರೆ ದೇವರಾಯಸಮುದ್ರದ ಹತ್ತಿರ ಕಿಟಕಿಯಾಚೆಯ ನೋಟವೇ ಬದಲಾಗುತ್ತದೆ. ಯಾರೋ ಪೇರಿಸಿಟ್ಟು ಮರೆತಂತಿರುವ ದಪ್ಪ ದಪ್ಪ ಬಂಡೆಗಳ ಗುಡ್ಡ, ಅದರ ಬುಡಕ್ಕೆ ಮಾವಿನ ತೋಪು, ಟೊಮೆಟೊ ಹೊಲ, ಕಲ್ಲುಕೂಚ ನೆಟ್ಟು ತಂತಿ ಎಳೆದ ಬೇಲಿ. ಕೋಲಾರ ಜಿಲ್ಲೆಯ ಇಂಥ ಬೇಲಿಗಳ ಹಿಂದೆ ಈಗ ಬೆಂಗಳೂರಿನವರ ತೋಟದ ಮನೆಗಳೂ ಇವೆ, ಈಜುಕೊಳವಿರುವ ವಿಲ್ಲಾಗಳೂ ಇವೆ. 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ಹೋದ ಮೇಲೆ ಕೃಷಿಕರಲ್ಲದವರಿಗೂ ಜಮೀನು ಕೊಳ್ಳುವುದು ಸಲೀಸಾಯಿತು. ನರಸಾಪುರ, ವೇಮಗಲ್‌ಗಳಲ್ಲಿ ಕಾರ್ಖಾನೆಗಳು ಬಂದವು. ಕೊಂಡವರು ಇದ್ದಾರೆ ಎಂದ ಮೇಲೆ ಮಾರುವವರೂ ಇರುತ್ತಾರೆ. ಮಕ್ಕಳು ಹೊರದೇಶದಲ್ಲಿ ನೆಲೆಸಿದರು, ವಾರ ವಾರ ಓಡಾಡುವ ಉತ್ಸಾಹ ಇಳಿಯಿತು, ನೋಡಿಕೊಳ್ಳುವವರು ಸಿಗಲಿಲ್ಲ ಎಂದು ಕೋಟಿಗಟ್ಟಲೆ ಬೆಲೆಯ ಮನೆ ಪೋರ್ಟಲ್‌ಗೆ ಬರುತ್ತದೆ.

ಬಂದಾಗ ಅದರ ಫೋಟೊ ಹೇಗಿರುತ್ತದೆ? ಗೇಟಿನ ಮುಂದೆ ನಿಂತ ಕಾರು, ಹೊದಿಕೆ ಮುದುಡಿದ ಮಂಚ, ಬಚ್ಚಲಲ್ಲಿ ನೀಲಿ ಬಕೆಟ್ಟು. ಇಲ್ಲವೇ ಇದರ ತದ್ವಿರುದ್ಧ: ಎಂದೂ ಯಾರೂ ಕಾಣದಷ್ಟು ನೀಲಿ ಆಕಾಶ, ಪ್ಲಾಸ್ಟಿಕ್ಕಿನಂತೆ ಹೊಳೆಯುವ ಲಾನು, ಹತ್ತಡಿ ಕೋಣೆಯನ್ನು ಮದುವೆ ಛತ್ರದಷ್ಟು ಹಿಗ್ಗಿಸಿದ ಲೆನ್ಸು. ನನ್ನ ಲೆಕ್ಕದಲ್ಲಿ ಎರಡನೆಯದೇ ಹೆಚ್ಚು ನಷ್ಟದ್ದು. ಊರೊಳಗಿನ ಫ್ಲ್ಯಾಟ್ ನೋಡಲು ಬರುವವರು ಆಫೀಸಿನಿಂದ ಹೋಗುತ್ತಾ ಇಣುಕಿ ಹೋಗುತ್ತಾರೆ. ದೇವರಾಯಸಮುದ್ರದ ಮನೆ ನೋಡಲು ಬರುವವರು ಭಾನುವಾರ ಬೆಳಿಗ್ಗೆ ಹೆಂಡತಿ, ಮಕ್ಕಳು, ಅತ್ತೆ ಮಾವ ಎಲ್ಲರನ್ನೂ ಕಾರಿಗೆ ಹತ್ತಿಸಿಕೊಂಡು, ಎರಡು ಗಂಟೆ ಡ್ರೈವ್ ಮಾಡಿಕೊಂಡು ಬರುತ್ತಾರೆ. ಫೋಟೊದಲ್ಲಿ ಕಂಡದ್ದು ಇಲ್ಲಿ ಇಲ್ಲವೆಂದರೆ ಮುಳಬಾಗಿಲಿಗೆ ಹೋಗಿ ದೋಸೆ ತಿಂದು ವಾಪಸಾಗುತ್ತಾರೆ. ಬೆಲೆಯ ಮಾತೇ ಎತ್ತುವುದಿಲ್ಲ. ಹಾಗಾಗಿ ಇಲ್ಲಿನ ಮನೆಯ ಫೋಟೊ ಹೆಚ್ಚು ಜನರನ್ನು ಕರೆತರಬೇಕಿಲ್ಲ. ಈ ಮನೆ ಇರುವಂತೆಯೇ ಇಷ್ಟಪಡಬಲ್ಲ ನಾಲ್ಕು ಜನರನ್ನು ಕರೆತಂದರೆ ಸಾಕು.

ನೀರು ಎಲ್ಲಿದೆ, ತೋರಿಸಿ

ಕೋಲಾರದಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ, ಸಾವಿರ ಅಡಿ ಕೊರೆದರೂ ನೀರು ಸಿಗುತ್ತದೆಂಬ ಭರವಸೆಯಿಲ್ಲ, ಸಿಕ್ಕ ನೀರಿನಲ್ಲಿ ಫ್ಲೋರೈಡ್ ಇರಬಹುದು ಎಂಬುದು ಈ ಕಡೆ ಜಮೀನು ಹುಡುಕುವ ಎಲ್ಲರಿಗೂ ಗೊತ್ತು. ಇಟಾಲಿಯನ್ ಮಾರ್ಬಲ್‌ನ ಹತ್ತು ಫೋಟೊ ಹಾಕಿ ನೀರಿನ ಒಂದೂ ಹಾಕದ ಜಾಹೀರಾತನ್ನು ಅವರು ಅನುಮಾನದಿಂದಲೇ ನೋಡುತ್ತಾರೆ. ಐಷಾರಾಮಿ ಮನೆ ಮಾರುವವರು ಬೋರ್‌ವೆಲ್ ತೋರಿಸಲು ನಾಚಿಕೊಳ್ಳುವುದು ನನಗಂತೂ ವಿಚಿತ್ರವಾಗಿ ಕಾಣುತ್ತದೆ. ಈ ಸೀಮೆಯಲ್ಲಿ ಅದಕ್ಕಿಂತ ದೊಡ್ಡ ಐಷಾರಾಮ ಯಾವುದು?

ಪಂಪ್ ಹಾಕಿ ಪೈಪಿನಿಂದ ನೀರು ಬೀಳುವ ಒಂದು ನಿಮಿಷದ ವಿಡಿಯೊ ಮಾಡಿ. ಬೇಸಿಗೆಯಲ್ಲಿ ತೆಗೆದದ್ದಾದರೆ ತಿಂಗಳನ್ನು ಬರೆಯಿರಿ. ಏಪ್ರಿಲ್‌ನಲ್ಲಿ ಬರುವ ನೀರಿನ ಮುಂದೆ ನವೆಂಬರ್‌ನ ನೀರಿಗೆ ಬೆಲೆ ಕಡಿಮೆ. ಸಂಪು, ಓವರ್‌ಹೆಡ್ ಟ್ಯಾಂಕು, ಮಳೆನೀರು ಇಳಿಯುವ ಪೈಪು, ಕೃಷಿ ಹೊಂಡ ಇವುಗಳ ಒಂದೊಂದು ಚಿತ್ರ ಇರಲಿ. ನೀರಿನ ಪರೀಕ್ಷೆ ಮಾಡಿಸಿ ವರದಿಯನ್ನು ಕೈಯಲ್ಲಿಟ್ಟುಕೊಳ್ಳಿ. ಪೋರ್ಟಲ್‌ಗೆ ಹಾಕುವುದು ಬೇಡ, ಕೇಳಿದವರಿಗೆ ಕಳಿಸಿ. ಪಕ್ಕದಲ್ಲಿ ಕೆರೆಯಿದ್ದರೆ ಅದು ತುಂಬಿದಾಗಿನ ಫೋಟೊ ಹಾಕಬೇಕೆಂಬ ಆಸೆ ಸಹಜ. ಕೆಸಿ ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು 2018ರಿಂದ ಜಿಲ್ಲೆಯ ಹಲವು ಕೆರೆಗಳಿಗೆ ಬರುತ್ತಿದೆ, ಆದರೆ ಎಲ್ಲ ಕೆರೆಗೂ ಅಲ್ಲ. ನಿಮ್ಮದು ಮಳೆ ನಂಬಿದ ಕೆರೆಯಾದರೆ ಹಾಗೆಂದೇ ಬರೆಯಿರಿ.

ಸಿಂಗಾರಕ್ಕಿಂತ ಮೊದಲು ಸ್ವಚ್ಛ

ಮಾರುವ ಮುನ್ನ ಮನೆಯನ್ನು ಸಜ್ಜುಗೊಳಿಸುವ ಕೆಲಸಕ್ಕೆ ಅಮೆರಿಕದಲ್ಲಿ ಹೋಮ್ ಸ್ಟೇಜಿಂಗ್ ಎಂದು ಹೆಸರು. 1970ರ ದಶಕದ ಆರಂಭದಲ್ಲಿ ಸಿಯಾಟಲ್ ಕಡೆಯ ಬಾರ್ಬ್ ಶ್ವಾರ್ಟ್ಸ್ ಎಂಬ ಏಜೆಂಟ್ ಇದನ್ನೊಂದು ಕಸುಬಾಗಿ ಬೆಳೆಸಿದರು. ಬೆಂಗಳೂರಿನಲ್ಲೂ ಈಗ ಸೋಫಾ, ದೀಪ, ಚಿತ್ರಪಟ ಎಲ್ಲವನ್ನೂ ಬಾಡಿಗೆಗೆ ತಂದು ಮನೆ ಅಲಂಕರಿಸುವವರು ಸಿಗುತ್ತಾರೆ. ಅವರನ್ನು ಕರೆಸುವುದು ಬಿಡುವುದು ನಿಮ್ಮ ಇಷ್ಟ. ಆದರೆ ವಾರಗಟ್ಟಲೆ ಬೀಗ ಹಾಕಿದ್ದ ತೋಟದ ಮನೆಗೆ ಮೊದಲು ಬೇಕಾದ್ದು ಸೋಫಾ ಅಲ್ಲ.

ಬಚ್ಚಲಿನಿಂದ ಶುರು ಮಾಡಿ. ಬಳಸದೆ ಬಿಟ್ಟ ಬಚ್ಚಲಲ್ಲಿ ನಹಾನಿ ಟ್ರ್ಯಾಪ್‌ನ ನೀರು ಆರಿಹೋಗಿ ಚರಂಡಿಯ ವಾಸನೆ ಮೇಲೆ ಬರುತ್ತದೆ. ಫೋಟೊಕ್ಕೆ ವಾಸನೆಯಿಲ್ಲ ನಿಜ, ನೋಡಲು ಬರುವವರಿಗೆ ಮೂಗಿದೆ. ಹಿಂದಿನ ದಿನವೇ ಒಂದೊಂದು ಟ್ರ್ಯಾಪಿಗೂ ಒಂದು ಚೊಂಬು ನೀರು ಸುರಿಸಿ. ಆಮೇಲೆ ನಲ್ಲಿ, ಶವರ್ ಗಾಜು ನೋಡಿ. ಇಲ್ಲಿನ ಗಡಸು ನೀರು ಆರಿದಲ್ಲೆಲ್ಲ ಬಿಳಿ ಪಟ್ಟೆ ಬಿಟ್ಟು ಹೋಗುತ್ತದೆ. ಮೂವತ್ತು ಸಾವಿರದ ನಲ್ಲಿಯೂ ಆ ಪಟ್ಟೆಯ ಹಿಂದೆ ಬಸ್ ನಿಲ್ದಾಣದ ನಲ್ಲಿಯಂತೆ ಕಾಣುತ್ತದೆ; ಕ್ಯಾಮೆರಾ ಕಣ್ಣಿಗಂತೂ ಅದು ಎದ್ದು ಹೊಡೆಯುತ್ತದೆ. ವಿನೆಗರ್‌ಗೆ ಅರ್ಧ ನೀರು ಬೆರೆಸಿ, ಬಟ್ಟೆ ಅದ್ದಿ ನಲ್ಲಿಗೆ ಸುತ್ತಿಟ್ಟು ಅರ್ಧ ಗಂಟೆ ಬಿಟ್ಟು ತಿಕ್ಕಿದರೆ ಬಿಡುತ್ತದೆ. ಎಚ್ಚರವೊಂದಿದೆ. ವಿನೆಗರ್, ನಿಂಬೆಹುಳಿ, ಟಾಯ್ಲೆಟ್ ಕ್ಲೀನರ್ ಯಾವುದೂ ಮಾರ್ಬಲ್ ಮೇಲೆ ಬೀಳಬಾರದು. ಸುಣ್ಣದ ಅಂಶದ ಕಲ್ಲು ಹುಳಿಗೆ ಕರಗಿ ಮಂಕು ಕಲೆ ನಿಲ್ಲುತ್ತದೆ, ಮತ್ತೆ ಪಾಲಿಶ್ ಮಾಡಿಸದೆ ಹೋಗುವುದಿಲ್ಲ. ಗ್ರಾನೈಟ್ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ, ಆದರೂ ಮೂಲೆಯಲ್ಲಿ ಸ್ವಲ್ಪ ಹಚ್ಚಿ ನೋಡಿಯೇ ಮುಂದುವರಿಯಿರಿ.

ದೀಪದ ಗಾಜುಗಳೊಳಗೆ ಸತ್ತುಬಿದ್ದ ಹುಳು, ಫ್ಯಾನಿನ ರೆಕ್ಕೆಯ ಅಂಚಿನ ಕರಿ, ಸೊಳ್ಳೆ ಪರದೆಗೆ ಕೂತ ಕೆಂಧೂಳು, ತಾರಸಿಯ ಮೇಲೆ ಕೊಳೆತ ನೀಲಗಿರಿ ಎಲೆ, ಸೋಲಾರ್ ಹೀಟರಿನ ಮಸುಕು ಗಾಜು ಇವೆಲ್ಲ ಒಂದು ದಿನದ ಕೆಲಸ. ಸಜ್ಜೆಯ ಕೆಳಗೆ ಹೆಜ್ಜೇನು ಕಟ್ಟಿದ್ದರೆ ಹೊಗೆ ಹಾಕಿ ಓಡಿಸಲು ಹೋಗಬೇಡಿ, ಗೊತ್ತಿರುವವರನ್ನು ಕರೆಸಿ.

ಇನ್ನು ಸಾಮಾನು. ನಮ್ಮ ಮನೆಗಳಲ್ಲಿ ತೊಂದರೆ ಪೀಠೋಪಕರಣದ ಕೊರತೆಯಲ್ಲ, ಅದು ಹೆಚ್ಚಾದದ್ದು. ಬೆಂಗಳೂರಿನ ಮನೆಯಲ್ಲಿ ಹಳತಾದ ಸೋಫಾ, ಟಿವಿ ಸ್ಟ್ಯಾಂಡು, ಟ್ರೆಡ್‌ಮಿಲ್ಲು ಎಲ್ಲವೂ ಕೊನೆಗೆ ಬಂದು ಸೇರುವುದು ತೋಟದ ಮನೆಗೆ. ಹಾಲಿನಲ್ಲಿ ಕೂರಲು ಒಂದು ಗುಂಪು, ಊಟಕ್ಕೆ ಒಂದು ಮೇಜು, ಮಲಗುವ ಕೋಣೆಗೆ ಮಂಚ ಮತ್ತು ಪಕ್ಕದ ಮೇಜು ಉಳಿಸಿಕೊಂಡು ಮಿಕ್ಕಿದ್ದನ್ನು ಪಂಪ್‌ಹೌಸಿಗೋ ಗ್ಯಾರೇಜಿಗೋ ಸಾಗಿಸಿ, ಆ ಕೋಣೆಯ ಫೋಟೊ ತೆಗೆಯದಿದ್ದರಾಯಿತು. ಜಗುಲಿಯಲ್ಲಿ ಹಳೆಯ ಮರದ ಉಯ್ಯಾಲೆಯೋ ಬೆತ್ತದ ಕುರ್ಚಿಯೋ ಇದ್ದರೆ ಅದನ್ನು ಉಳಿಸಿ. ಕೆಜಿಎಫ್‌ನ ಬ್ರಿಟಿಷರ ಕಾಲದ ಬಂಗಲೆಗಳ ಹಳೇ ಫೋಟೊ ನೋಡಿದವರಿಗೆ ಗೊತ್ತು, ಈ ಬಿಸಿಲು ನಾಡಿನಲ್ಲಿ ಮನೆಯ ಗತ್ತೆಲ್ಲ ಅಗಲವಾದ ಜಗುಲಿಯಲ್ಲೇ ಇರುತ್ತದೆ.

ದೇವರ ಕೋಣೆಯನ್ನು ಖಾಲಿ ಮಾಡಿ ಎಂದು ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಇಲ್ಲಿನ ಕೊಳ್ಳುವವರಲ್ಲಿ ಹೆಚ್ಚಿನವರು ಅದನ್ನೇ ಹುಡುಕುತ್ತಾರೆ. ಒರೆಸಿ, ಒಂದು ದೀಪ ಹಚ್ಚಿ, ಎರಡು ಹೂವಿಟ್ಟು ತೆಗೆಯಿರಿ. ಆದರೆ ಗೋಡೆಯ ಮೇಲೆ ಹಾರ ಹಾಕಿದ ಹಿರಿಯರ ಫೋಟೊ, ಮಕ್ಕಳ ಗ್ರೂಪ್ ಫೋಟೊ, ಫ್ರಿಜ್ಜಿನ ಮೇಲಿನ ಮ್ಯಾಗ್ನೆಟ್ಟು, ಸಕ್ಕರೆ ಮಾತ್ರೆಯ ಡಬ್ಬಿ, ಅಂಗಡಿಯವರು ಕೊಟ್ಟ ಕ್ಯಾಲೆಂಡರ್ ಇಳಿಯಬೇಕು. ಬಾಗಿಲಿಗೆ ಒಣಗಿದ ಮಾವಿನ ತೋರಣ ನೇತಾಡುತ್ತಿದ್ದರೆ ಹಸಿರು ಕಟ್ಟಿಸಿ. ಹೊಸ್ತಿಲಿನ ಅರಿಶಿನ ಕುಂಕುಮ ಇರಲಿ, ಮುಂಬಾಗಿಲ ತೇಗದ ಮರಕ್ಕೆ ಅಂಟಿದ ಎಣ್ಣೆ ಜಿಡ್ಡು ಮಾತ್ರ ಬೇಡ.

ವಿದೇಶಿ ಪತ್ರಿಕೆಗಳಲ್ಲಿ ನೋಡಿ ಸಿಟೌಟಿನ ಮೇಜಿನ ಮೇಲೆ ಹಣ್ಣಿನ ಬುಟ್ಟಿ ಇಡುವ ಯೋಚನೆಯಿದ್ದರೆ ಬಿಡಿ. ಬೆಟ್ಟದ ಬುಡದ ಮನೆಯಲ್ಲಿ ಶ್ರೀನಿವಾಸಪುರದ ಬಾದಾಮಿ ಮಾವು ಹೊರಗಿಟ್ಟು ಟ್ರೈಪಾಡ್ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಕೋತಿಗಳು ಸ್ಟೇಜಿಂಗ್ ಮುಗಿಸಿರುತ್ತವೆ.

ತೋಟ ನೋಡಿಕೊಳ್ಳುವ ಕುಟುಂಬ ಅಲ್ಲೇ ವಾಸವಿದ್ದರೆ ಅವರಿಗೆ ಮೊದಲೇ ಹೇಳಿ. ಮಾರುತ್ತಿದ್ದೀರೆಂಬ ಸುದ್ದಿ ಅವರಿಗೆ ಕ್ಯಾಮೆರಾ ಹಿಡಿದವರಿಂದ ತಿಳಿಯಬಾರದು. ಅವರು ಇರುವ ಕೋಣೆಯ ಚಿತ್ರ ಬೇಕಿದ್ದರೆ ಕೇಳಿಯೇ ತೆಗೆಯಿರಿ.

ಸೂರ್ಯ ಯಾವ ಕಡೆ?

ಒಳ್ಳೆಯ ಕ್ಯಾಮೆರಾಗಿಂತ ಒಳ್ಳೆಯ ಗಂಟೆ ಮುಖ್ಯ. ನಾವಿರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮೂರನೇ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ನೆತ್ತಿಗೇ ಬರುತ್ತಾನೆ; ಆ ನಡುವಿನ ತಿಂಗಳುಗಳಲ್ಲಿ ಮಧ್ಯಾಹ್ನವೂ ಸ್ವಲ್ಪ ಉತ್ತರಕ್ಕೇ ಇರುತ್ತಾನೆ. ಸೆಪ್ಟೆಂಬರ್ ಕೊನೆಯಿಂದ ಮಾರ್ಚ್ ಮೂರನೇ ವಾರದವರೆಗೆ ದಿನವಿಡೀ ದಕ್ಷಿಣಕ್ಕೇ ವಾಲಿರುತ್ತಾನೆ. ಅಂದರೆ ಈ ಆರು ತಿಂಗಳು ಉತ್ತರದ ಗೋಡೆಗೆ ನೇರ ಬಿಸಿಲು ಬೀಳುವುದೇ ಇಲ್ಲ.

ಈ ಮಾತು ಯಾಕೆಂದರೆ, ಈ ಪ್ರದೇಶ ಚೆನ್ನಾಗಿ ಕಾಣುವುದೂ ಆ ತಿಂಗಳುಗಳಲ್ಲೇ. ಕೋಲಾರಕ್ಕೆ ಹೆಚ್ಚಿನ ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಧೂಳು ಕೂತು ಗಾಳಿ ತಿಳಿಯಾಗಿ, ಬಂಡೆಗಳ ಸಂದಿಯಲ್ಲೂ ಹಸಿರಿರುತ್ತದೆ. ನಿಮ್ಮದು ಪೂರ್ವದ ಬಾಗಿಲಾದರೆ ಯೋಚನೆಯಿಲ್ಲ. ಬೆಳಿಗ್ಗೆ ಏಳರಿಂದ ಎಂಟೂವರೆಯೊಳಗೆ ತೆಗೆಯಿರಿ. ಡಿಸೆಂಬರ್‌ನಲ್ಲಿ ಸೂರ್ಯ ಆಗ್ನೇಯದ ಕಡೆಗೆ ಸರಿದು ಹುಟ್ಟುವುದರಿಂದ ಮನೆಯ ಆಗ್ನೇಯ ಮೂಲೆಯ ಎದುರು ನಿಂತರೆ ಎರಡು ಗೋಡೆಗೂ ಬೆಳಕಿರುತ್ತದೆ. ಚಳಿಗಾಲದಲ್ಲಿ ಮಂಜು ಕವಿದಿದ್ದರೆ ಅದು ಎದ್ದು ಹೋಗುವವರೆಗೆ ಕಾಫಿ ಕುಡಿಯಿರಿ. ಪಶ್ಚಿಮದ ಮನೆಗೆ ಸಂಜೆ ನಾಲ್ಕೂವರೆಯ ಮೇಲೆ. ಉತ್ತರದ ಬಾಗಿಲಿನ ಮನೆಗೆ ಮಾತ್ರ ಈ ಋತುವಿನಲ್ಲಿ ಹಗಲು ಹೊತ್ತು ಒದಗುವುದಿಲ್ಲ. ಮುಖ ಕಪ್ಪಾಗಿ ಹಿಂದಿನ ಆಕಾಶ ಬೆಳ್ಳಗೆ ಸುಟ್ಟುಹೋಗುತ್ತದೆ. ಅದನ್ನು ಮುಸ್ಸಂಜೆಗೆ ತೆಗೆಯುವುದೇ ಸರಿ.

ನಮ್ಮ ಅಕ್ಷಾಂಶದಲ್ಲಿ ಮುಸ್ಸಂಜೆ ಗಿಡ್ಡ. ಸೂರ್ಯ ಮುಳುಗಿದ ಹತ್ತು ನಿಮಿಷಕ್ಕೆ ಶುರುವಾಗಿ ಇನ್ನೊಂದು ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಅಷ್ಟರೊಳಗೆ ಆಕಾಶದ ನೀಲಿಯೂ ಕಿಟಕಿಯೊಳಗಿನ ದೀಪದ ಬೆಳಕೂ ಸಮ ತೂಗುತ್ತವೆ. ಮುಂಚೆಯೇ ಟ್ರೈಪಾಡ್ ನಿಲ್ಲಿಸಿ, ಮನೆಯ ದೀಪವೆಲ್ಲ ಹಾಕಿ ಕಾಯಬೇಕು. ಯಾವ ದೀಪಗಳು ಇನ್ವರ್ಟರ್ ಮೇಲಿವೆ ಎಂದು ನೋಡಿಟ್ಟುಕೊಳ್ಳಿ, ಕರೆಂಟು ಹೋಗುವುದೂ ಆ ಹೊತ್ತಿಗೇ. ಬಲ್ಬುಗಳು ಒಂದೇ ಬಣ್ಣದವಿರಲಿ: ಹಾಲಿನಲ್ಲಿ ಹಳದಿ 3000ಕೆ, ಅಡುಗೆಮನೆಯಲ್ಲಿ ಬಿಳಿಯ 6500ಕೆ ಇದ್ದರೆ ಫೋಟೊದಲ್ಲಿ ಒಂದು ಕೋಣೆಗೆ ಕಾಮಾಲೆ, ಇನ್ನೊಂದಕ್ಕೆ ಆಸ್ಪತ್ರೆಯ ಕಳೆ.

ಲಾಸ್ ಏಂಜಲೀಸ್‌ನ ಬೆಟ್ಟದಂಚಿನ ಗಾಜಿನ ಮನೆಯೊಂದನ್ನು ಜೂಲಿಯಸ್ ಶುಲ್ಮನ್ 1960ರಲ್ಲಿ ತೆಗೆದ ಚಿತ್ರ ಇಂದಿಗೂ ಮನೆಯ ಫೋಟೊಗಳಲ್ಲೇ ಪ್ರಸಿದ್ಧ. ಪಿಯರ್ ಕೋನಿಗ್ ವಿನ್ಯಾಸ ಮಾಡಿದ ಮನೆ ಅದು. ಕೆಳಗಿನ ನಗರದ ದೀಪಗಳಿಗೆ ಹಲವು ನಿಮಿಷ ಲೆನ್ಸ್ ತೆರೆದಿಟ್ಟು, ಒಳಗಿನ ಕೋಣೆಗೆ ಫ್ಲಾಶ್ ಹೊಡೆದು ಎರಡನ್ನೂ ಒಂದೇ ಫಿಲ್ಮಿನ ಮೇಲೆ ಸೇರಿಸಿದರು. ಮನೆ ಎಲ್ಲಿ ನಿಂತಿದೆ ಎಂಬುದು ಆ ಚಿತ್ರದಲ್ಲಿ ಮನೆಯಷ್ಟೇ ಮುಖ್ಯ. ಅವರಿಗೆ ನಗರದ ದೀಪಗಳಿದ್ದವು, ನಮಗೆ ಬಂಡೆಗಳಿವೆ.

ಬಂಡೆ ನಡುಮಧ್ಯಾಹ್ನ ಬರೀ ಬೂದು. ಓರೆ ಬಿಸಿಲು ಬಿದ್ದಾಗ ಅದಕ್ಕೆ ಜೇನಿನ ಬಣ್ಣ ಬರುತ್ತದೆ, ಒಂದೊಂದು ಗುಂಡಿನ ನೆರಳೂ ಇನ್ನೊಂದರ ಮೇಲೆ ಬಿದ್ದು ಗುಡ್ಡಕ್ಕೆ ಆಳ ಬರುತ್ತದೆ. ಗುಡ್ಡ ಮನೆಯ ಪೂರ್ವಕ್ಕಿದ್ದರೆ ಸಂಜೆ, ಪಶ್ಚಿಮಕ್ಕಿದ್ದರೆ ಬೆಳಿಗ್ಗೆ. ಸೈಜುಗಲ್ಲಿನ ಗೋಡೆ, ಮಾಲೂರಿನ ಇಟ್ಟಿಗೆ ಹಾಗೇ ಬಿಟ್ಟು ಕಟ್ಟಿದ ಗೋಡೆ ಇದ್ದರೂ ಇದೇ ಸೂತ್ರ: ಬಿಸಿಲು ಗೋಡೆಯನ್ನು ನೇರವಾಗಿ ಹೊಡೆಯದೆ ಸವರಿಕೊಂಡು ಹೋಗುವ ಹೊತ್ತಿನಲ್ಲಿ ಉಳಿಯ ಗುರುತೂ ಗಾರೆಯ ಗೆರೆಯೂ ಕಾಣುತ್ತವೆ.

ಕೋಣೆಯೊಳಗೆ

ಫೋನಿನ 0.5 ಲೆನ್ಸು ಎಲ್ಲವನ್ನೂ ಹಿಡಿಯುತ್ತದೆ, ಆದರೆ ಅಂಚಿನಲ್ಲಿರುವ ಕುರ್ಚಿಯನ್ನು ಎಳೆದು ಉದ್ದ ಮಾಡುತ್ತದೆ. ಬಾಗಿಲ ಹತ್ತಿರ ಬೆನ್ನು ಗೋಡೆಗೊತ್ತಿ ನಿಂತು 1 ಎಕ್ಸ್‌ನಲ್ಲೇ ಹಿಡಿಯಲು ನೋಡಿ. ಆಗದಿದ್ದರೆ 0.5 ಬಳಸಿ, ಅಂಚಿಗೆ ಸಾಮಾನು ಬರದಂತೆ ಸರಿಸಿ. ದೊಡ್ಡ ಕ್ಯಾಮೆರಾ ಇದ್ದವರಿಗೆ ಫುಲ್‌ಫ್ರೇಮ್‌ನಲ್ಲಿ 20ರಿಂದ 24 ಮಿ.ಮೀ. ಸಾಕು, ಎಫ್/8, ಐಎಸ್‌ಒ 100, ಟ್ರೈಪಾಡ್.

ಕ್ಯಾಮೆರಾ ನೆಲದಿಂದ ನಾಲ್ಕು ಅಡಿಯ ಆಸುಪಾಸಿನಲ್ಲಿರಲಿ. ನಿಂತು ಕಣ್ಣಿನ ಮಟ್ಟದಿಂದ ತೆಗೆದರೆ ಚಾವಣಿ ಮತ್ತು ಫ್ಯಾನುಗಳೇ ಜಾಸ್ತಿ. ಅಡುಗೆಮನೆಯಲ್ಲಿ ಕಟ್ಟೆಯ ಮೇಲ್ಮೈ ತೆಳುವಾಗಿ ಕಾಣುವಷ್ಟು ಮೇಲಿದ್ದರಾಯಿತು. ಕ್ಯಾಮೆರಾವನ್ನು ಮೇಲೆ ಕೆಳಗೆ ಬಾಗಿಸಬೇಡಿ, ಗೋಡೆಯ ಗೆರೆಗಳು ಓರೆಯಾಗುತ್ತವೆ. ಫೋನಿನ ಗ್ರಿಡ್ ಆನ್ ಮಾಡಿ ಬಾಗಿಲ ಚೌಕಟ್ಟನ್ನು ಅದಕ್ಕೆ ಸರಿಹೊಂದಿಸಿ. ಫ್ಯಾನು ಆಫ್, ಟಿವಿ ಆಫ್, ಕಮೋಡಿನ ಮುಚ್ಚಳ ಕೆಳಗೆ.

ಗುಡ್ಡ ಕಾಣುವ ದೊಡ್ಡ ಕಿಟಕಿಯ ಕೋಣೆಯೇ ಇಲ್ಲಿನ ಮನೆಯ ಜೀವಾಳ, ತೆಗೆಯಲು ಕಷ್ಟವೂ ಅದೇ. ಕೋಣೆ ಸರಿಯಾಗಿ ಬಂದರೆ ಕಿಟಕಿ ಬಿಳಿ ಹಾಳೆ, ಕಿಟಕಿ ಸರಿಯಾದರೆ ಕೋಣೆ ಗವಿ. ಟ್ರೈಪಾಡ್ ಅಲುಗಿಸದೆ ಒಂದು ಮಾಮೂಲಿ, ಒಂದು ಎರಡು ಸ್ಟಾಪ್ ಕತ್ತಲೆ, ಒಂದು ಎರಡು ಸ್ಟಾಪ್ ಬೆಳಕು, ಹೀಗೆ ಮೂರು ತೆಗೆದು ಆಮೇಲೆ ಕೂಡಿಸುತ್ತಾರೆ. ಫೋನಿನ ಎಚ್‌ಡಿಆರ್ ಅದನ್ನೇ ಮಾಡುತ್ತದೆ, ಸ್ವಲ್ಪ ಒರಟಾಗಿ. ಇನ್ನೂ ಸುಲಭದ ದಾರಿಯಿದೆ: ಹೊರಗಿನ ಬೆಳಕು ತಗ್ಗುವ ಸಂಜೆಯವರೆಗೆ ಕಾದು ಒಳಗಿನ ದೀಪ ಹಾಕಿ ತೆಗೆಯುವುದು.

ಡ್ರೋನ್ ವಿಚಾರ ಚುಟುಕಾಗಿ. 2021ರ ಡ್ರೋನ್ ನಿಯಮಗಳ ಪ್ರಕಾರ ಡಿಜಿಟಲ್ ಸ್ಕೈ ನಕ್ಷೆಯ ಹಸಿರು ವಲಯದಲ್ಲಿ 400 ಅಡಿಯವರೆಗೆ ಪ್ರತ್ಯೇಕ ಅನುಮತಿ ಬೇಡ, ಆದರೆ 250 ಗ್ರಾಂ ಮೀರಿದ ಡ್ರೋನನ್ನು ವ್ಯವಹಾರಕ್ಕೆ ಹಾರಿಸುವವರಿಗೆ ಪೈಲಟ್ ಪ್ರಮಾಣಪತ್ರ ಬೇಕು. ಕರೆಸುವವರ ಹತ್ತಿರ ಅದನ್ನು ಕೇಳಿ. 400 ಅಡಿಯಿಂದ ಮನೆ ಬೆಂಕಿಪೊಟ್ಟಣವಾಗಿ ಕಾಣುತ್ತದೆ. ಮೂವತ್ತು ನಲವತ್ತು ಅಡಿಯಿಂದ ಮನೆ, ತೋಪು, ಹಿಂದಿನ ಗುಡ್ಡ ಮೂರೂ ಒಂದೇ ಚೌಕಟ್ಟಿಗೆ ಬರುತ್ತವೆ. ಪಕ್ಕದ ತೋಟದವರ ಅಂಗಳದ ಮೇಲೆ ಹಾರಿಸಬೇಡಿ.

ತಿದ್ದುವುದು ಎಲ್ಲಿಯವರೆಗೆ?

ಗೆರೆ ನೇರ ಮಾಡುವುದು, ಬೆಳಕು ಸರಿಪಡಿಸುವುದು, ಮರೆತುಬಿಟ್ಟ ಪೊರಕೆಯನ್ನು ಅಳಿಸುವುದು ತಪ್ಪಲ್ಲ. ಮನೆಯ ಮೇಲೆ ಹಾದುಹೋಗುವ ಹೈಟೆನ್ಷನ್ ತಂತಿಯನ್ನೋ ಪಕ್ಕದ ಕ್ವಾರಿಯನ್ನೋ ಗೋಡೆಯ ಬಿರುಕನ್ನೋ ಅಳಿಸುವುದು ಮೋಸ. ಖಾಲಿ ಕೋಣೆಗೆ ಕಂಪ್ಯೂಟರಿನಲ್ಲಿ ಸೋಫಾ ತುಂಬುವ ವರ್ಚುವಲ್ ಸ್ಟೇಜಿಂಗ್ ಈಗ ಅಗ್ಗ. ಮಾಡಿ, ಆದರೆ ಚಿತ್ರದ ಮೇಲೇ ‘ಪೀಠೋಪಕರಣ ಕಂಪ್ಯೂಟರಿನಲ್ಲಿ ಸೇರಿಸಿದ್ದು’ ಎಂದು ಬರೆದು ಪಕ್ಕದಲ್ಲಿ ಖಾಲಿ ಕೋಣೆಯನ್ನೂ ಹಾಕಿ. ಕ್ಯಾಲಿಫೋರ್ನಿಯಾದಲ್ಲಿ ಹೀಗೆ ತಿದ್ದಿದ ಚಿತ್ರಗಳನ್ನು ತಿದ್ದಿದ್ದೆಂದು ತಿಳಿಸುವುದು 2026ರ ಜನವರಿಯಿಂದ ಕಾನೂನೇ ಆಗಿದೆ. ನಮ್ಮಲ್ಲಿ ಬಿಲ್ಡರ್ ಪ್ರಾಜೆಕ್ಟಿನ ವಿಲ್ಲಾ ಆದರೆ 2016ರ ರೇರಾ ಕಾಯ್ದೆ ಅನ್ವಯಿಸುತ್ತದೆ: ಜಾಹೀರಾತಿನಲ್ಲಿ ನೋಂದಣಿ ಸಂಖ್ಯೆಯೂ ಪ್ರಾಧಿಕಾರದ ಜಾಲತಾಣದ ವಿಳಾಸವೂ ಇರಬೇಕು, ಸುಳ್ಳು ಜಾಹೀರಾತನ್ನೋ ಮಾದರಿ ಮನೆಯನ್ನೋ ನಂಬಿ ಹಣ ಕೊಟ್ಟವರಿಗೆ 12ನೇ ಕಲಂ ಪ್ರಕಾರ ಪರಿಹಾರದ ಹಕ್ಕಿದೆ.

ಚಿತ್ರದ ಜೊತೆಗಿನ ಬರಹದಲ್ಲಿ ‘ಪ್ರಕೃತಿಯ ಮಡಿಲು’ ಬೇಡ. ಎಷ್ಟು ಎಕರೆ, ಎಷ್ಟು ಗುಂಟೆ. ಹೆದ್ದಾರಿಯಿಂದ ಎಷ್ಟು ದೂರ, ಕೊನೆಯ ಫರ್ಲಾಂಗು ಮಣ್ಣು ರಸ್ತೆಯೋ ಡಾಂಬರೋ. ಪಹಣಿಯಲ್ಲಿರುವ ಕೃಷಿ ಜಮೀನಿನ ತೋಟದ ಮನೆಯೋ, ಭೂಪರಿವರ್ತನೆಯಾಗಿ ಇ-ಸ್ವತ್ತು ಬಂದಿರುವ ನಿವೇಶನದ ವಿಲ್ಲಾವೋ. ತ್ರೀ ಫೇಸ್ ಕರೆಂಟು ಇದೆಯೋ ಇಲ್ಲವೋ. ದಿಕ್ಕು ತೋರಿಸುವ ಬಾಣವಿರುವ ಸರಳ ನಕ್ಷೆಯೊಂದನ್ನು ಹಾಕಿದರೆ ‘ಬಾಗಿಲು ಯಾವ ಕಡೆ ಸಾರ್?’ ಎಂಬ ಅರ್ಧದಷ್ಟು ಫೋನುಗಳು ನಿಲ್ಲುತ್ತವೆ.

ಇಪ್ಪತ್ತು ಇಪ್ಪತ್ತೈದು ಚಿತ್ರ ಸಾಕು. ಮೊದಲನೆಯದು ಗುಡ್ಡದೊಂದಿಗಿನ ಮನೆ. ನಂತರ ಕೊಳ್ಳುವವರು ನಡೆದು ಬರುವ ಕ್ರಮದಲ್ಲೇ ರಸ್ತೆ, ಗೇಟು, ಜಗುಲಿ, ಹಾಲು, ಕೋಣೆಗಳು, ಕೊನೆಗೆ ತೋಟ ಮತ್ತು ನೀರು. ಬ್ರೋಕರ್‌ಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೆಂದರೆ ಕುಗ್ಗಿಹೋದ ಚಿತ್ರ ಕೈಯಿಂದ ಕೈಗೆ ಫಾರ್ವರ್ಡ್ ಆಗುತ್ತಾ ಇನ್ನೂ ಮಸುಕಾಗುತ್ತದೆ.

ಹಾಕುವ ಮುನ್ನ ಒಮ್ಮೆ ಕಳ್ಳನ ಕಣ್ಣಿನಿಂದ ನೋಡಿ. ಬೀರುವಿನ ಲಾಕರ್, ಹಿಂಬಾಗಿಲ ಚಿಲಕ, ಸಿಸಿಟಿವಿ ಎಲ್ಲೆಲ್ಲಿದೆ, ಕಾರಿನ ನಂಬರು ಯಾವುದೂ ಕಾಣಬಾರದು. ಫೋನು ಚಿತ್ರದೊಳಗೇ ಸ್ಥಳದ ಗುರುತು ಬಚ್ಚಿಟ್ಟಿರುತ್ತದೆ, ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಲೊಕೇಷನ್ ಆಫ್ ಮಾಡಿಯೇ ತೆಗೆಯಿರಿ. ವಾರದ ಐದು ದಿನ ಯಾರೂ ಇಲ್ಲದ ಮನೆಯ ವಿಳಾಸವನ್ನು ಊರಿಗೆಲ್ಲ ಹಂಚುವುದು ಬೇಡ. ಲೊಕೇಷನ್ ಪಿನ್ನು ಭೇಟಿ ಗೊತ್ತಾದವರಿಗೆ ಮಾತ್ರ. ನೋಂದಣಿ ಮುಗಿದ ದಿನವೇ ಪೋರ್ಟಲ್‌ನಿಂದಲೂ ಬ್ರೋಕರುಗಳ ಸ್ಟೇಟಸ್‌ನಿಂದಲೂ ಚಿತ್ರಗಳನ್ನು ತೆಗೆಸಿಬಿಡಿ. ಅಂದಿನಿಂದ ಅದು ಬೇರೆಯವರ ಮಲಗುವ ಕೋಣೆ.